ತಪ್ಪಿದ ಬಾಣಗಳ ಲೆಕ್ಕ

ಬಿಲ್ಲು ಬಾಣ ಹಿಡಿದು ಜಿಂಕೆ ಬೇಟೆಗೆ ಹೋಗುವವರು ಇವತ್ತಿಗೂ ಅಮೆರಿಕದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರೆಲ್ಲ ತಮ್ಮ ಕುಲದ ಮೂಲಪುರುಷ ಅಂತ ನೆನೆಯುವುದು ಒಬ್ಬ ಸರ್ಜನ್‌ನನ್ನು. ಸ್ಯಾಕ್ಸ್‌ಟನ್ ಪೋಪ್ ಅಂತ ಅವನ ಹೆಸರು. ಸ್ಯಾನ್ ಫ್ರಾನ್ಸಿಸ್ಕೋದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. 1923ರಲ್ಲಿ ಅವನೊಂದು ಬಿಲ್ಲುಬೇಟೆಯ ಪುಸ್ತಕ ಬರೆದ. ಆ ಪುಸ್ತಕದೊಳಗೆ ಒಂದು ಸಣ್ಣ ತಪ್ಪೊಪ್ಪಿಗೆ ಇದೆ. ತನಗೆ ಬಿಲ್ಲು ಕಲಿಸಿದ ಗುರುವಿನ ಜೊತೆ ಎಷ್ಟೋ ಸಲ ಜಿಂಕೆ ಬೇಟೆಗೆ ಹೋಗಿದ್ದೆ, ಬಾಣ ಬಿಡುವ ಅವಕಾಶವೂ ಸಿಕ್ಕಿತ್ತು, ಒಂದು ಜಿಂಕೆಯೂ ಬೀಳಲಿಲ್ಲ ಅಂತ ಅವನು ಬರೆಯುತ್ತಾನೆ. ದೂರ ಜಾಸ್ತಿಯಾಯಿತು, ನೆಲ ಇಳಿಜಾರಿತ್ತು, ಮರ ಅಡ್ಡ ಬಂತು. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಯಾವ ಬೇಟೆಗಾರನಾದರೂ ಹೇಳುವ ಸಬೂಬು. ಪೋಪ್ ಇನ್ನೂ ಎರಡು ಕಾರಣ ಕೊಡುತ್ತಾನೆ. ಏನೂ ಬರದ ನಾನು ಜೊತೆಗಿದ್ದದ್ದು ಗುರುವಿಗೆ ತೊಡಕಾಯಿತು. ಬಿಳಿಯರಿಗೆ ಯಾವಾಗಲೂ ಟೈಮಿಲ್ಲ, ನಮ್ಮ ಅವಸರಕ್ಕೆ ಅವನೂ ಓಡಬೇಕಾಯಿತು. ಗುರು ಸತ್ತ ಮೇಲೆಯೇ, ಅವನು ಕಲಿಸಿದ್ದನ್ನು ನೆನೆದುಕೊಂಡು ನನ್ನ ಮೊದಲ ಜಿಂಕೆ ಹೊಡೆದೆ ಅಂತ ಆ ಮಾತು ಮುಗಿಯುತ್ತದೆ.

ಇದನ್ನು ನಮ್ಮ ತಾತನಿಗೆ ಓದಿ ಹೇಳಿದೆ. ತಾತ ಓದಿದವನಲ್ಲ. ಹುಡುಗನಾಗಿದ್ದಾಗ ಊರ ಗೌಡರ ಬೇಟೆಗೆ ತಮಟೆ ಬಡಿದು ಪೊದೆಯೊಳಗಿನ ಪ್ರಾಣಿ ಎಬ್ಬಿಸೋಕೆ ಹೋಗುತ್ತಿದ್ದವನು. 1972ರ ಕಾನೂನು ಬಂದ ಮೇಲೆ ಆ ಬೇಟೆಯೆಲ್ಲ ನಿಂತಿತು. ಏಟು ತಿಂದ ಹಂದಿ ಕಳ್ಳಿಪೊದೆಗೆ ನುಗ್ಗಿದರೆ ಅದರ ಹಿಂದೆ ಹೋಗಬೇಕಾಗಿದ್ದವರು ಕೋವಿ ಹಿಡಿದವರಲ್ಲ, ತಮಟೆ ಹಿಡಿದವರು. ತಾತ ಎಲ್ಲಾ ಕೇಳಿಸಿಕೊಂಡ. ಬೀಡಿ ಆರಿಹೋಗಿತ್ತು, ಮತ್ತೆ ಹಚ್ಚಿದ. ಕೇಳಿದ್ದು ಒಂದೇ ಮಾತು: "ಏಟು ಬಿದ್ದಿದ್ದು ಆಮ್ಯಾಕೆ ಸಿಕ್ತಾ?"

ಆ ಪ್ರಶ್ನೆ ಹಿಡಿದುಕೊಂಡೇ ನಾನು ಈ ಚರಿತ್ರೆಯೊಳಗೆ ಇಳಿದದ್ದು.

ಪೋಪ್‌ನ ಗುರುವಿನ ಹೆಸರು ಯಾರಿಗೂ ಗೊತ್ತಿಲ್ಲ. ಪುಸ್ತಕಗಳಲ್ಲಿ 'ಇಶಿ' ಅಂತ ಇದೆ. ಅದು ಹೆಸರಲ್ಲ. ಅವನ ಯಾನಾ ಭಾಷೆಯಲ್ಲಿ ಇಶಿ ಅಂದರೆ ಮನುಷ್ಯ, ಅಷ್ಟೇ. ತನ್ನ ಹೆಸರನ್ನು ತಾನೇ ಪರಕೀಯರ ಮುಂದೆ ಹೇಳಿಕೊಳ್ಳುವುದು ಅವನ ಜನರ ರೀತಿಯಾಗಿರಲಿಲ್ಲ. ಅವನವರೇ ಆದ ಇನ್ನೊಬ್ಬರು ಹೇಳಬೇಕು. ಹೇಳೋಕೆ ಅವನ ಜನ ಒಬ್ಬರೂ ಉಳಿದಿರಲಿಲ್ಲ. ಪತ್ರಿಕೆಯವರು ಹೆಸರು ಹೆಸರು ಅಂತ ಪೀಡಿಸಿದಾಗ ಆಲ್ಫ್ರೆಡ್ ಕ್ರೋಬರ್ ಎಂಬ ಮಾನವಶಾಸ್ತ್ರಜ್ಞ ಇಶಿ ಅಂತ ಇಟ್ಟ. ಮನುಷ್ಯನಿಗೆ ಮನುಷ್ಯ ಅಂತಲೇ ಹೆಸರಿಡಬೇಕಾಗಿ ಬಂದ ಊರು ಅದೆಂಥದ್ದಿರಬೇಕು!

1911ರ ಆಗಸ್ಟ್ 29ರಂದು ಉತ್ತರ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿನ ಹೊರಗಿದ್ದ ಕಸಾಯಿಖಾನೆಯ ದೊಡ್ಡಿಯಲ್ಲಿ ಅವನು ಸಿಕ್ಕಿದ. ಹಸಿವಿನಿಂದ ಸೊರಗಿದ್ದ. ತಲೆಗೂದಲನ್ನು ಬೆಂಕಿಯಲ್ಲಿ ಸುಟ್ಟು ಗಿಡ್ಡ ಮಾಡಿಕೊಂಡಿದ್ದ. ಅವನ ಜನರಲ್ಲಿ ಅದು ಸೂತಕದ ಗುರುತು. ನಾಯಿಗಳು ಬೊಗಳಿದವು, ಜನ ಸೇರಿದರು, ಶೆರಿಫ್ ಬಂದು ಜೈಲಿಗೆ ಹಾಕಿದ. ಏನು ಅಪರಾಧ ಅಂತ ಕೇಳಬೇಡಿ. ಇಟ್ಟುಕೊಳ್ಳೋಕೆ ಬೇರೆ ಜಾಗ ಗೊತ್ತಾಗಲಿಲ್ಲವಂತೆ. ಯಾರಿಗೂ ಅವನ ಮಾತು ತಿಳಿಯಲಿಲ್ಲ. ವಿಶ್ವವಿದ್ಯಾಲಯದಿಂದ ವಾಟರ್‌ಮನ್ ಎಂಬವನು ಯಾನಾ ಪದಗಳ ಪಟ್ಟಿ ಹಿಡಿದು ಬಂದು ಜೈಲಿನಲ್ಲಿ ಒಂದೊಂದೇ ಓದಿದ. 'ಸಿವಿನಿ' ಅಂದಾಗ ಆ ಮನುಷ್ಯನ ಮುಖ ಅರಳಿತು. ಸಿವಿನಿ ಅಂದರೆ ಪೈನ್ ಮರ. ಅವನು ಮಲಗಿದ್ದ ಮಂಚ ಅದೇ ಮರದ್ದು.

ಅವನು ಯಾಹಿ ಎಂಬ ಬುಡಕಟ್ಟಿನವನು. ಯಾನಾ ಜನರ ದಕ್ಷಿಣದ ಕವಲು. ಮಿಲ್ ಕ್ರೀಕ್, ಡೀರ್ ಕ್ರೀಕ್ ಎಂಬ ಎರಡು ಹೊಳೆಗಳ ಕಣಿವೆ ಅವರ ನೆಲ. ಸಾಲ್ಮನ್ ಮೀನು, ಓಕ್ ಮರದ ಕಾಯಿಯ ಹಿಟ್ಟು, ಜಿಂಕೆ ಮಾಂಸ, ಇದು ಅವರ ಊಟ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಮುಂದಿನ ವರ್ಷದಿಂದ ಬಿಳಿಯರು ಹಿಂಡು ಹಿಂಡಾಗಿ ಬಂದರು. ಗಣಿಯ ಮಣ್ಣು ಹೊಳೆಗಿಳಿದು ಮೀನು ಸತ್ತವು. ದನ ಹಂದಿಗಳು ಓಕ್ ಕಾಯಿ ತಿಂದು ಮುಗಿಸಿದವು. ಜಿಂಕೆ ಗುಡ್ಡ ಹತ್ತಿದವು. ಹೊಟ್ಟೆಗಿಲ್ಲದ ಜನ ಬಿಳಿಯರ ದನಕ್ಕೆ ಕೈ ಹಾಕಿದರೆ ಅದು ಕಳ್ಳತನ! 1850ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಹೆಸರು ಇಂಡಿಯನ್ನರ ಆಡಳಿತ ಮತ್ತು ರಕ್ಷಣೆಯ ಕಾಯಿದೆ. ಒಳಗಿದ್ದದ್ದು ಏನು? ಕೆಲಸವಿಲ್ಲದೆ ತಿರುಗುವ ಇಂಡಿಯನ್ನನನ್ನು ಹಿಡಿದು ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ದುಡಿಯೋಕೆ ಕೊಡಬಹುದು, ಅವರ ಮಕ್ಕಳನ್ನು ಬಿಳಿಯರ ಮನೆಗೆ ಕಟ್ಟಿಹಾಕಬಹುದು. ಜೀತ ಅನ್ನೋ ಪದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1851ರ ಜನವರಿಯಲ್ಲಿ ಪೀಟರ್ ಬರ್ನೆಟ್ ಎಂಬ ಗವರ್ನರ್ ಶಾಸನಸಭೆಗೆ ಕಳಿಸಿದ ಸಂದೇಶದಲ್ಲಿ, ಇಂಡಿಯನ್ ಕುಲ ನಿರ್ನಾಮವಾಗುವ ತನಕ ಈ ಯುದ್ಧ ನಡೆದೇ ನಡೆಯುತ್ತದೆ ಅಂತ ಬರೆದ. ಇದು ಗುಟ್ಟಿನ ಕಾಗದವಲ್ಲ, ಸರ್ಕಾರಿ ದಾಖಲೆ. ಬೆಂಜಮಿನ್ ಮ್ಯಾಡ್ಲಿ ಎಂಬ ಚರಿತ್ರೆಕಾರ 2016ರಲ್ಲಿ ಲೆಕ್ಕ ಕೊಟ್ಟಿದ್ದಾನೆ: 1846ರಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಸುಮಾರು 1,50,000. 1873ಕ್ಕೆ ಸುಮಾರು 30,000. ರೋಗ, ಹಸಿವು, ಜೀತ, ಗುಂಡು ಎಲ್ಲ ಸೇರಿ.

ಯಾಹಿಗಳ ಪಾಲಿಗೆ ಕೊನೆಯ ದೊಡ್ಡ ಏಟು ಬಿದ್ದದ್ದು ಒಂದು ಗುಹೆಯಲ್ಲಿ. 1871ರಲ್ಲಿ ಅಂತ ವಾಟರ್‌ಮನ್ ಬರೆದಿಟ್ಟಿದ್ದಾನೆ. ನಾಲ್ವರು ದನಗಾಹಿ ಬಿಳಿಯರಿಗೆ ಕಾಡಿನಲ್ಲಿ ಗಾಯಗೊಂಡ ಹೋರಿಯ ರಕ್ತದ ಜಾಡು ಕಂಡಿತು. ಇಂಡಿಯನ್ನರದೇ ಕೆಲಸ ಅಂತ ಮಾರನೆಯ ದಿನ ನಾಯಿಗಳನ್ನು ತಂದು ಆ ಜಾಡು ಹಿಡಿದು ಹೊರಟರು. ಜಾಡು ಗುಹೆಗೆ ಬಂದು ನಿಂತಿತು. ಒಳಗೆ ಮೂವತ್ತರಷ್ಟು ಜನ. ಹೆಂಗಸರಿದ್ದರು, ಎಳೇ ಮಕ್ಕಳಿದ್ದವು. ಎಲ್ಲರನ್ನೂ ಕೊಂದರು. ಆ ನಾಲ್ವರಲ್ಲಿ ಕಿಂಗ್ಸ್‌ಲಿ ಎಂಬವನು ನಡುವೆ ತನ್ನ ದೊಡ್ಡ ಬಂದೂಕು ಬದಿಗಿಟ್ಟು ಸಣ್ಣ ರಿವಾಲ್ವರ್ ತೆಗೆದುಕೊಂಡನಂತೆ. ದೊಡ್ಡದರ ಗುಂಡು ಹಸುಗೂಸುಗಳನ್ನು ತೀರಾ ಚಿಂದಿ ಮಾಡುತ್ತೆ ಅಂತ. ಅದು ಅವನ ಕರುಣೆ. ಆ ಗುಹೆಗೆ ಇವತ್ತೂ ಕಿಂಗ್ಸ್‌ಲಿ ಗುಹೆ ಅಂತಲೇ ಹೆಸರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ರಕ್ತದ ಜಾಡು ಹಿಡಿಯುವುದು ಬೇಟೆಗಾರನ ವಿದ್ಯೆ. ಪ್ರಾಣಿಗೆ ಏಟು ಸರಿಯಾಗಿ ಬೀಳದೆ ಹೋದರೆ ಅದನ್ನು ನರಳೋಕೆ ಬಿಡಬಾರದು ಅಂತ ಇರುವ ವಿದ್ಯೆ. ಅದೇ ವಿದ್ಯೆಯಿಂದ ಮನುಷ್ಯರನ್ನು ಹುಡುಕಿಕೊಂಡು ಹೋದರು.

ಉಳಿದ ಬೆರಳೆಣಿಕೆಯಷ್ಟು ಜನ ಆಮೇಲೆ ಅಡಗಿದರು. ಒಂದು ದಿನ ಎರಡು ದಿನವಲ್ಲ, ಹತ್ತಿರ ಹತ್ತಿರ ನಲವತ್ತು ವರ್ಷ. ಹೆಜ್ಜೆ ಮೂಡದ ಹಾಗೆ ಕಲ್ಲಿಂದ ಕಲ್ಲಿಗೆ ಕಾಲಿಡುತ್ತಿದ್ದರು. ಪೊದೆಯನ್ನು ಕಡಿಯದೆ ಅದರ ಬುಡದಲ್ಲಿ ಅಂಬೆಗಾಲಿಟ್ಟು ದಾರಿ ಮಾಡಿಕೊಂಡಿದ್ದರು. ಹೊಗೆ ಏಳದಷ್ಟು ಸಣ್ಣ ಬೆಂಕಿ. ಹೊಳೆಗೆ ಹಗ್ಗ ಇಳಿಬಿಟ್ಟು ಕಡಿದಾದ ಬಂಡೆಯಿಂದ ಇಳಿಯುವುದು. ಬಿಲ್ಲು ಅವರ ಕೈಯಲ್ಲಿ ಉಳಿದದ್ದು ಯಾಕೆ ಅಂತ ಈಗ ಹೊಳೆಯಬೇಕು. ಕೋವಿ ಸದ್ದು ಮಾಡುತ್ತೆ. ಒಂದು ಗುಂಡಿನ ಸದ್ದಿಗೆ ಇಡೀ ಗುಂಪಿನ ಜೀವ ಹೋಗುತ್ತೆ. ನಗರದ ಡಾಕ್ಟರಿಗೆ ಮುಂದೆ ಆಟವಾದ ಬಿಲ್ಲು ಇಶಿಗೆ ಮೌನವಾಗಿ ಬದುಕುವ ದಾರಿಯಾಗಿತ್ತು. ಅವನು ಬಿಟ್ಟ ಬಾಣ ಜಿಂಕೆಗೆ ತಾಗದೆ ಹೋದರೆ ಅವತ್ತು ತಾಯಿಗೆ ಊಟವಿಲ್ಲ. ಅರೆಬರೆ ತಾಗಿ ಜಿಂಕೆ ದನಗಾಹಿಗಳ ಕಡೆ ಓಡಿ ಬಿದ್ದರೆ ಅಲ್ಲಿಂದ ಜಾಡು ಹಿಂದಕ್ಕೆ ಬರುತ್ತೆ, ನಾಯಿಯ ಜೊತೆ.

1908ರ ನವೆಂಬರ್‌ನಲ್ಲಿ ಡೀರ್ ಕ್ರೀಕ್‌ಗೆ ಅಣೆಕಟ್ಟು ಕಟ್ಟಲು ಅಳತೆಗೆ ಬಂದ ವಿದ್ಯುತ್ ಕಂಪನಿಯವರು ಅವರ ಗುಡಿಸಲುಗಳ ಮೇಲೆ ಬಿದ್ದರು. ಆಗ ಉಳಿದಿದ್ದವರು ನಾಲ್ಕೇ ಜನ. ಇಬ್ಬರು ಓಡಿದರು, ಆಮೇಲೆ ಅವರನ್ನು ಯಾರೂ ನೋಡಲಿಲ್ಲ. ಕಾಲು ಊದಿಕೊಂಡು ಏಳಲಾರದ ಮುದುಕಿಯೊಬ್ಬಳು ಹೊದಿಕೆಯೊಳಗೆ ನಡುಗುತ್ತಿದ್ದಳು. ಇಶಿಯ ತಾಯಿ. ಬಂದವರು ಆಕೆಯನ್ನು ಅಲ್ಲೇ ಬಿಟ್ಟು, ಬಿಲ್ಲು ಬಾಣ ಬುಟ್ಟಿ ಹೊದಿಕೆ ಎಲ್ಲ ಹೊತ್ತುಕೊಂಡು ಹೋದರು. ನೆನಪಿನ ಕಾಣಿಕೆಗೆ! ಚಳಿಗಾಲದ ಬಾಗಿಲಲ್ಲಿ ಒಂದು ಸಂಸಾರದ ಹೊಟ್ಟೆಪಾಡಿನ ಸಾಮಾನು ಅವರಿಗೆ ಗೋಡೆಗೆ ನೇತುಹಾಕುವ ವಸ್ತು. ಸ್ವಲ್ಪ ದಿನಕ್ಕೆ ತಾಯಿ ಸತ್ತಳು. ಮುಂದಿನ ಮೂರು ವರ್ಷ ಇಶಿ ಒಬ್ಬನೇ. ಮಾತಾಡೋಕೆ ಯಾರೂ ಇಲ್ಲ. ಆಮೇಲೆ ಓರೋವಿಲ್‌ನ ಕಸಾಯಿಖಾನೆ.

ಅಲ್ಲಿಂದ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿಗೆ ತಂದರು. ಅಲ್ಲೇ ವಾಸ, ಅಲ್ಲೇ ಕೆಲಸ. ಕಸ ಗುಡಿಸುವುದು, ಒರೆಸುವುದು. ತಿಂಗಳಿಗೆ 25 ಡಾಲರ್ ಸಂಬಳ. ಭಾನುವಾರ ಮಧ್ಯಾಹ್ನ ಜನ ಬಂದು ಮುತ್ತಿಕೊಳ್ಳುತ್ತಿದ್ದರು. ಅವನು ಕಡ್ಡಿ ಉಜ್ಜಿ ಬೆಂಕಿ ಮಾಡಿ ತೋರಿಸುತ್ತಿದ್ದ, ಕಲ್ಲಿನಿಂದ ಬಾಣದ ಅಲಗು ಕೆತ್ತಿ ಕೊಡುತ್ತಿದ್ದ. ಅದೇ ಕಟ್ಟಡದ ಕೋಣೆಗಳಲ್ಲಿ ಸತ್ತವರ ಎಲುಬುಗಳೂ ಇದ್ದವು, ಅದು ಅವನಿಗೆ ಸಂಕಟ. ಬಂದ ಹೊಸದರಲ್ಲಿ ಫೋಟೋಗೆ ಬಟ್ಟೆ ಬಿಚ್ಚು ಅಂದಾಗ ಒಪ್ಪಲಿಲ್ಲ. ಸುತ್ತ ನಿಂತವರು ಯಾರೂ ಬಿಚ್ಚಿಲ್ಲವಲ್ಲ, ನಾನ್ಯಾಕೆ ಬಿಚ್ಚಲಿ ಅನ್ನೋದು ಅವನ ನ್ಯಾಯ. ಕ್ರೋಬರ್, ವಾಟರ್‌ಮನ್, ಪೋಪ್ ಇವರು ಅವನನ್ನು ಪ್ರೀತಿಸಲಿಲ್ಲ ಅಂತ ನಾನು ಹೇಳುವುದಿಲ್ಲ. ಅವರ ಬರಹ ಓದಿದರೆ ಪ್ರೀತಿ ಕಾಣುತ್ತದೆ. ಪ್ರೀತಿಸುವವರ ಮನೆಯಲ್ಲೂ ಒಬ್ಬ ಮನುಷ್ಯ ಪ್ರದರ್ಶನದ ವಸ್ತುವಾಗಿ ಇರಬಹುದು.

ಮ್ಯೂಸಿಯಮ್ಮಿನ ಪಕ್ಕದಲ್ಲೇ ಆಸ್ಪತ್ರೆ. 1912ರಲ್ಲಿ ಪೋಪ್ ಅಲ್ಲಿಗೆ ಬಂದ. ಇಶಿಗೆ ಅವನು ಡಾಕ್ಟರ್, ಬಿಲ್ಲಿನ ವಿಷಯದಲ್ಲಿ ಶಿಷ್ಯ. ಇಶಿಯ ಬಿಲ್ಲು ಗಿಡ್ಡ, 42 ಅಂಗುಲ. ಜೂನಿಪರ್ ಮರದ್ದು. ಬೆನ್ನಿಗೆ ಜಿಂಕೆಯ ನರ. ನರವನ್ನು ಬಾಯಲ್ಲಿ ಅಗಿದು ಮೆದು ಮಾಡಿ, ಸಾಲ್ಮನ್ ಮೀನಿನ ಚರ್ಮ ಬೇಯಿಸಿದ ಅಂಟಿನಿಂದ ಎಳೆ ಎಳೆಯಾಗಿ ಕೂರಿಸುತ್ತಿದ್ದ. ಬಿಲ್ಲನ್ನು ನಿಲ್ಲಿಸಿ ಇಡಬಾರದು, ನಿಂತ ಬಿಲ್ಲು ದುಡೀತಾನೇ ಇರುತ್ತೆ, ಬೆವರಿ ಸೋತುಹೋಗುತ್ತೆ ಅಂತ ಅವನ ನಂಬಿಕೆ. ನಿಂತೇ ಬೆವರುವವರ ಕಷ್ಟ ಬಲ್ಲವನ ಮಾತು. ಹೆಂಗಸರು ಬಿಲ್ಲು ಮುಟ್ಟಬಾರದು ಅಂತಲೂ ಅವನು ನಂಬಿದ್ದ. ಮುಟ್ಟಬಾರದು ಅನ್ನೋದು ಎಲ್ಲಿದ್ದರೂ ಮುಟ್ಟಬಾರದೇ, ಅದನ್ನು ಹೊಗಳಲಾರೆ.

ಅಲಗು ಮಾಡುವುದು ಅಬ್ಸಿಡಿಯನ್ ಎಂಬ ಗಾಜಿನಂಥ ಕರೀ ಕಲ್ಲಿನಿಂದ. ಜಿಂಕೆ ಕೊಂಬಿನ ತುದಿ ಒತ್ತಿ ಚಕ್ಕೆ ಚಕ್ಕೆಯಾಗಿ ಎಬ್ಬಿಸಬೇಕು. ಪೇಟೆಗೆ ಬಂದ ಮೇಲೆ ಬಾಟಲಿ ಗಾಜಿನಿಂದಲೂ ಮಾಡುತ್ತಿದ್ದ. ಚೂರು ಕಣ್ಣಿಗೆ ಸಿಡಿದರೆ ನೆಲಕ್ಕೆ ಬಗ್ಗಿ, ಕೆಳರೆಪ್ಪೆ ಎಳೆದು ಹಿಡಿದು, ಇನ್ನೊಂದು ಕೈಯಿಂದ ತನ್ನ ನೆತ್ತಿಗೆ ತಾನೇ ಒಂದು ಬಲವಾದ ಏಟು ಹಾಕಿಕೊಳ್ಳುತ್ತಿದ್ದ. ಚೂರು ಉದುರುತ್ತಿತ್ತು. ಸರ್ಜನ್ ಅದನ್ನು ನೋಡಿ ಬರೆದುಕೊಂಡ. ಕಲ್ಲಿನ ಅಲಗನ್ನೂ ಉಕ್ಕಿನ ಅಲಗನ್ನೂ ಹೋಲಿಸಿ ನೋಡಲು ಪೋಪ್ ಡಬ್ಬದಲ್ಲಿ ದನದ ಈಲಿ ತುಂಬಿ, ಬಾಯಿಗೆ ಜಿಂಕೆ ಚರ್ಮ ಕಟ್ಟಿ ಬಾಣ ಹೊಡೆದ. ಕಲ್ಲಿನದೇ ಹೆಚ್ಚು ಆಳಕ್ಕೆ ಹೋಯಿತು. 'ಕಾಡುಮನುಷ್ಯನ' ಕಲ್ಲು ಕಾರ್ಖಾನೆಯ ಉಕ್ಕನ್ನು ಸೋಲಿಸಿತು.

ಇಶಿ ಹೆದೆ ಎಳೆಯುತ್ತಿದ್ದದ್ದು ಹೆಬ್ಬೆರಳಿನಿಂದ. ಬಲಗೈ ಹೆಬ್ಬೆರಳು ಮಡಿಸಿ ಹೆದೆಗೆ ಹಾಕಿ, ಮಧ್ಯದ ಬೆರಳ ತುದಿಯನ್ನು ಅದರ ಉಗುರಿನ ಮೇಲೆ ಆಸರೆ ಕೊಟ್ಟು ಎಳೆಯುವುದು. ಇದು ಓದಿದಾಗ ನನಗೆ ಏಕಲವ್ಯ ನೆನಪಾಗದೆ ಇರಲಿಲ್ಲ. ಹೆಬ್ಬೆರಳಲ್ಲಿ ಎಳೆಯುವವನಿಗೆ ಹೆಬ್ಬೆರಳೇ ಹೋದರೆ ಉಳಿಯುವುದೇನು? ದ್ರೋಣ ಏನು ಕೇಳಬೇಕು ಅಂತ ಚೆನ್ನಾಗಿ ತಿಳಿದೇ ಕೇಳಿದ. ಪೋಪ್‌ಗೆ ಮಾತ್ರ ಈ ಹೆಬ್ಬೆರಳ ಎಳೆತ ಕೈಗೆ ಹತ್ತಲಿಲ್ಲ. ಅವನು ಇಂಗ್ಲಿಷರ ಉದ್ದ ಬಿಲ್ಲು, ಮೂರು ಬೆರಳ ಎಳೆತಕ್ಕೆ ಹೋದ. ಹಲಗೆಯ ಮೇಲೆ ಬಣ್ಣದ ವೃತ್ತ ಬರೆದು ಪಂದ್ಯ ಹೂಡಿದಾಗ ಶಿಷ್ಯನೇ ಗೆಲ್ಲುತ್ತಿದ್ದ. ಇಶಿಗೆ ಆ ಅಗಲದ ಬಣ್ಣದ ಹಲಗೆಗೆ ಯಾಕೆ ಹೊಡೆಯಬೇಕು ಅಂತಲೇ ಹಿಡಿಸುತ್ತಿರಲಿಲ್ಲವೋ ಏನೋ. ಅದೇ ಅವನು ಹತ್ತಿಪ್ಪತ್ತು ಗಜದಲ್ಲಿ ಅಳಿಲು, ಮೊಲದ ಮುಂದೆ ಕೂತರೆ ಮಾತು ಬೇರೆ.

ಬಿಲ್ಲಿಗಿಂತ ದೊಡ್ಡ ಪಾಠ ಇದ್ದದ್ದು ಬಿಲ್ಲು ಎತ್ತುವ ಮುಂಚೆ. ಜಿಂಕೆ ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಹೊಳೆಯಲ್ಲಿ ಮಿಂದು, ಪುದೀನದಂಥ ಘಮದ ಸೊಪ್ಪಿನಿಂದ ಮೈ ಉಜ್ಜಿಕೊಂಡು, ಬಾಯಿ ಮುಕ್ಕಳಿಸಿ, ಬರೀ ಹೊಟ್ಟೆಯಲ್ಲಿ ಹೊರಡುವುದು. ಲಂಗೋಟಿ ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲ, ಬಟ್ಟೆಗೆ ಮುಳ್ಳು ಸಿಕ್ಕಿದರೆ ಸರ್ರ್ ಅಂತ ಸದ್ದಾಗುತ್ತೆ. ಗಾಳಿ ಯಾವ ಕಡೆಯಿಂದ ಬೀಸುತ್ತೆ ನೋಡಬೇಕು. ಎಳೇ ಎಲೆಯೊಂದನ್ನು ಉದ್ದಕ್ಕೆ ಮಡಿಸಿ ತುಟಿ ನಡುವೆ ಇಟ್ಟು ಎಳೆದರೆ ಮರಿಜಿಂಕೆ ಕೂಗಿದ ಹಾಗೆ ಸದ್ದು ಬರುತ್ತಿತ್ತು. ಆ ಕೂಗಿಗೆ ಜಿಂಕೆ ತಾನಾಗಿ ಹತ್ತಿರ ಬರುತ್ತಿತ್ತು. ತುಂಬಿಸಿದ ಜಿಂಕೆ ತಲೆಯನ್ನು ತನ್ನ ತಲೆಗೆ ಕಟ್ಟಿಕೊಂಡು ಪೊದೆಯ ಹಿಂದೆ ಆಡಿಸಿ ಅದರ ಕುತೂಹಲ ಕೆರಳಿಸುತ್ತಿದ್ದ. ಇಷ್ಟೆಲ್ಲ ಯಾತಕ್ಕೆ? ಬಾಣ ದೂರದಿಂದ ಬಿಡಬಾರದು ಅಂತ. ಅವನ ವಿದ್ಯೆಯೆಲ್ಲ ಆ ದೂರವನ್ನು ಕಡಿಮೆ ಮಾಡುವ ವಿದ್ಯೆ.

1914ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್, ಪೋಪ್‌ನ ಪುಟ್ಟ ಮಗ ಎಲ್ಲ ಸೇರಿ ಇಶಿಯನ್ನು ಅವನ ಕಣಿವೆಗೇ ವಾಪಸ್ ಕರೆದುಕೊಂಡು ಹೋದರು. ಅವನಿಗೆ ಹೋಗೋಕೆ ಇಷ್ಟವಿರಲಿಲ್ಲ. ತನ್ನವರೆಲ್ಲ ಸತ್ತ ನೆಲಕ್ಕೆ, ಸಂಸ್ಕಾರವಿಲ್ಲದ ಸಾವುಗಳ ನೆಲಕ್ಕೆ ಯಾರಿಗೆ ತಾನೇ ಪಿಕ್ನಿಕ್ ಹೋಗಬೇಕು ಅನ್ನಿಸುತ್ತೆ? ಕೊನೆಗೆ ಹೋದ. ಹೋದ ಮೇಲೆ ಊರು, ಹೊಳೆ, ಗಿಡಗಳ ಹೆಸರು ಹೇಳಿದ, ಈಜಿದ, ಬಿಲ್ಲು ಹಿಡಿದ. ಈಗ ಲಂಗೋಟಿಯಲ್ಲಿ ಫೋಟೋಗೂ ನಿಂತ, ಯಾಕೆಂದರೆ ಇದು ಅವನ ಮನೆ.

ಹಾಗೆ ಪೋಪ್ ಗುರುವಿನ ಜೊತೆ ಜಿಂಕೆಯ ಹಿಂದೆ ಹೋದ ಬೇಟೆಗಳಲ್ಲೆಲ್ಲ ಬಾಣ ತಪ್ಪಿತು. ಯಾಕೆ ತಪ್ಪುತ್ತೆ ಅಂತ ಲೆಕ್ಕ ಹಾಕಿ ನೋಡೋಣ, ಮೇಷ್ಟ್ರುಗಳು ಕ್ಲಾಸಿನಲ್ಲಿ ಹೇಳಬಹುದಾದ ಲೆಕ್ಕ ಇದು. ಅಂಥ ಮರದ ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಹೆಚ್ಚೆಂದರೆ 150 ಅಡಿ ಹೋಗುತ್ತೆ ಅಂದುಕೊಳ್ಳಿ. ಹೆದೆಯ ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ. 50 ಗಜದಲ್ಲಿ ನಿಂತ ಜಿಂಕೆಗೆ ಬಾಣ ಮುಟ್ಟೋಕೆ ಒಂದು ಸೆಕೆಂಡು ಬೇಕು, ಸದ್ದು ಮುಟ್ಟೋಕೆ ಅದರ ಏಳನೇ ಒಂದು ಪಾಲು. ಉಳಿದ ಹೊತ್ತು ಪೂರಾ ಜಿಂಕೆಯದು. ಸದ್ದು ಕೇಳಿದ ಜಿಂಕೆ ಹಾರೋಕೆ ಮುಂಚೆ ಕಾಲು ಮಡಿಸಿ ಮೈ ತಗ್ಗಿಸುತ್ತೆ. ಬಾಣ ಬೆನ್ನ ಮೇಲೆ ಹಾದುಹೋಗುತ್ತೆ. ಅದೇ 15 ಗಜಕ್ಕೆ ಬಂದರೆ ಬಾಣಕ್ಕೆ ಬೇಕಾಗುವುದು ಸೆಕೆಂಡಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಇಳಿಜಾರಿನಲ್ಲಿ ಕೆಳಕ್ಕೆ ಹೊಡೆದರೆ ಬಾಣ ನಾವು ಅಂದುಕೊಂಡದ್ದಕ್ಕಿಂತ ಮೇಲೆ ಹೋಗುತ್ತೆ. ಇಶಿಗೆ ಈ ಅಂಕಿ ಗೊತ್ತಿರಲಿಲ್ಲ. ಹತ್ತಿರ ಹೋಗಬೇಕು, ಕೂರಬೇಕು, ಕಾಯಬೇಕು ಅಂತ ಗೊತ್ತಿತ್ತು. ಕಾಯೋಕೆ ಬಿಡದವರು ಜೊತೆಗಿದ್ದರು.

ಪೂರಾ ತಪ್ಪಿದ ಬಾಣ ಒಳ್ಳೆಯದು, ಜಿಂಕೆ ಬದುಕುತ್ತೆ, ಬೇಟೆಗಾರ ಬಾಣ ಹುಡುಕಿಕೊಳ್ಳುತ್ತಾನೆ. ಕೆಟ್ಟದ್ದು ಅರೆಬರೆ ತಾಗಿದ್ದು. ಗುಂಡು ಹೊಡೆತದ ರಭಸಕ್ಕೇ ಕೆಡವಬಹುದು, ಬಾಣ ಕೊಲ್ಲುವುದು ರಕ್ತ ಸೋರಿಸಿ. ಪುಪ್ಪುಸಕ್ಕೆ ತಾಗಿದ್ದರೆ ನೆಲದ ಮೇಲಿನ ರಕ್ತ ತಿಳಿಗೆಂಪು, ನೊರೆ ನೊರೆ, ಜಿಂಕೆ ಬೇಗ ಬೀಳುತ್ತೆ. ಈಲಿಗೆ ತಾಗಿದ್ದರೆ ಕಪ್ಪುಗೆಂಪು. ಹೊಟ್ಟೆಗೆ ತಾಗಿದ್ದರೆ ರಕ್ತ ಕಡಿಮೆ, ಹಸಿರು ಮೇವಿನ ರಸ, ಕೆಟ್ಟ ವಾಸನೆ. ಆಗ ತಕ್ಷಣ ಹಿಂದೆ ಓಡಬಾರದು. ಓಡಿದರೆ ಅದು ಮೈಲಿಗಟ್ಟಲೆ ಹೋಗಿ ಎಲ್ಲೋ ಸಾಯುತ್ತೆ, ಯಾರಿಗೂ ಸಿಗಲ್ಲ. ಸುಮ್ಮನೆ ಬಿಟ್ಟರೆ ಹತ್ತಿರದಲ್ಲೇ ಮಲಗುತ್ತೆ. ಗಂಟೆಗಟ್ಟಲೆ ಕಾದು, ಆಮೇಲೆ ಒಂದೊಂದು ಹನಿ ನೋಡಿಕೊಂಡು ಹೋಗಬೇಕು. ಬೇಟೆಗಾರನ ಅವಸರ ಜಿಂಕೆಯ ಸಾವನ್ನು ಉದ್ದ ಮಾಡುತ್ತೆ. ಇವತ್ತು ಅಮೆರಿಕದಲ್ಲಿ ಬಿಲ್ಲು ಹಿಡಿಯುವ ಹುಡುಗರಿಗೆ ಇದನ್ನೇ ಪಾಠ ಮಾಡುತ್ತಾರೆ, ಇದು ಒಳ್ಳೆಯ ಪಾಠವೇ. ಇದನ್ನೆಲ್ಲ ಓದಿ ಹೇಳಿದಾಗ ತಾತ, "ಹೂಂ, ಹೊಟ್ಟೆಗೆ ಬಿದ್ರೆ ಅಂಗೇಯ" ಅಂದ. ಪುಸ್ತಕಕ್ಕೆ ಸೀಲು ಬಿದ್ದ ಹಾಗಾಯಿತು.

ಸಿಗದೆ ಹೋಗುವುದು ಎಷ್ಟು? ಮೇರಿಲ್ಯಾಂಡ್ ರಾಜ್ಯದ ಒಂದು ನೌಕಾನೆಲೆಯಲ್ಲಿ 1989ರಿಂದ 2006ರ ತನಕ ಲೆಕ್ಕ ಇಟ್ಟರು. ಹೊಸ ಕಾಲದ, ರಾಟೆ ಹಾಕಿದ ಬಿಲ್ಲುಗಳು. ಏಟು ತಿಂದ ಜಿಂಕೆ 908, ಸಿಗದೆ ಹೋದವು 162. ನೂರಕ್ಕೆ 18. ಆ ನೌಕಾನೆಲೆಯ ಹೆಸರು ಏನು ಗೊತ್ತಾ? ಇಂಡಿಯನ್ ಹೆಡ್. ಇಂಡಿಯನ್ನನ ತಲೆ.

ಇಶಿಗೆ ಕ್ಷಯ ಹಿಡಿಯಿತು. 1915ರ ಬೇಸಿಗೆಯಲ್ಲಿ ಎಡ್ವರ್ಡ್ ಸಪೀರ್ ಎಂಬ ಭಾಷಾಶಾಸ್ತ್ರಜ್ಞ ಅವನ ಭಾಷೆಯನ್ನು ಅವನ ಬಾಯಿಂದ ಬರೆದುಕೊಂಡ. ಆ ಭಾಷೆ ಆಡುವ ಕೊನೆಯ ಬಾಯಿ ಅದು. 1916ರ ಮಾರ್ಚ್ 25ರಂದು ಇಶಿ ಸತ್ತ. ತನ್ನ ಜನರಲ್ಲಿ ಶವ ಕುಯ್ಯುವುದಿಲ್ಲ ಅಂತ ಕ್ರೋಬರ್‌ಗೆ ಗೊತ್ತಿತ್ತು. ದೂರದ ನ್ಯೂಯಾರ್ಕಿನಿಂದ ಅವನು, ಕುಯ್ಯಬೇಡಿ, ವಿಜ್ಞಾನ ಹಾಳಾಗಿಹೋಗಲಿ ಅಂತ ಸಿಟ್ಟಿನಲ್ಲಿ ಕಾಗದ ಬರೆದ. ಕಾಗದ ಬರುವಷ್ಟರಲ್ಲಿ ಕುಯ್ದಾಗಿತ್ತು. ಮಿದುಳು ತೆಗೆದಿಟ್ಟರು. ಉಳಿದ ದೇಹ ಸುಟ್ಟರು. ಬಿಲ್ಲು, ಐದು ಬಾಣ, ಓಕ್ ಕಾಯಿ ಹಿಟ್ಟಿನ ಬುಟ್ಟಿ, ಹೊಗೆಸೊಪ್ಪು ಜೊತೆಗಿಟ್ಟರು. ಶವಪರೀಕ್ಷೆಯ ವರದಿಯನ್ನು ಪೋಪ್ 1920ರಲ್ಲಿ ಅಚ್ಚು ಹಾಕಿಸಿದ. ಕಾಗದ ಬರೆದು ಕೂಗಾಡಿದ ಕ್ರೋಬರ್ ಏನು ಮಾಡಿದ? 1917ರಲ್ಲಿ ಆ ಮಿದುಳನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ತಾನೇ ಕಳಿಸಿಕೊಟ್ಟ. ಏಕಲವ್ಯನ ಕಥೆಯಲ್ಲಿ ಗುರು ಶಿಷ್ಯನ ಬೆರಳು ಕೇಳಿದ. ಇಲ್ಲಿ ಶಿಷ್ಯರು ಗುರುವಿನ ಮಿದುಳೇ ತೆಗೆದುಕೊಂಡರು, ಕೇಳಲೂ ಇಲ್ಲ.

ಪೋಪ್ ಮುಂದೆ ಹೋದ. ಆರ್ಥರ್ ಯಂಗ್ ಎಂಬ ಗೆಳೆಯನ ಜೊತೆ ಜಿಂಕೆ ಹೊಡೆದ, ಕರಡಿ ಹೊಡೆದ. 1920ರಲ್ಲಿ ಯೆಲ್ಲೋಸ್ಟೋನ್‌ನಲ್ಲಿ ವಿಜ್ಞಾನ ಅಕಾಡೆಮಿಯ ಪ್ರದರ್ಶನಕ್ಕೆ ಅಂತ ಪರ್ಮಿಟ್ ಪಡೆದು ಗ್ರಿಜ್ಲಿ ಕರಡಿಗಳನ್ನು ಬಾಣದಲ್ಲಿ ಕೊಂದರು. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಗ್ರಿಜ್ಲಿಯ ಚಿತ್ರ ಇದೆ. ಆ ಬಾವುಟ ರಾಜ್ಯದ್ದು ಅಂತ ಒಪ್ಪಿಕೊಂಡದ್ದು 1911ರಲ್ಲಿ, ಇಶಿ ಕಸಾಯಿಖಾನೆಯಲ್ಲಿ ಸಿಕ್ಕ ವರ್ಷವೇ. 1924ರ ನಂತರ ಆ ರಾಜ್ಯದಲ್ಲಿ ಕಾಡಿನ ಗ್ರಿಜ್ಲಿ ಕಂಡವರಿಲ್ಲ. ಕೊಂದ ಮೇಲೆ ಬಾವುಟಕ್ಕೆ ಹಾಕುವುದು, ಮ್ಯೂಸಿಯಮ್ಮಿಗೆ ಹಾಕುವುದು, ಇದು ಗೆದ್ದವರಿಗೆ ರೂಢಿಯಾಗಿರಬೇಕು. 1925ರಲ್ಲಿ ಪೋಪ್, ಯಂಗ್ ಆಫ್ರಿಕಕ್ಕೆ ಹೋಗಿ ಸಿಂಹದ ಮೇಲೂ ಬಾಣ ಬಿಟ್ಟರು, ಬೆನ್ನ ಹಿಂದೆ ಬಂದೂಕಿನ ಕಾವಲಿತ್ತು. 1926ರಲ್ಲಿ ಪೋಪ್ ಸತ್ತ. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನವರಿಗೇ ಅಂತ ಬೇರೆ ಜಿಂಕೆ ಬೇಟೆಯ ಕಾಲ ಗೊತ್ತು ಮಾಡಿತು. 1961ರಲ್ಲಿ ಪೋಪ್, ಯಂಗ್ ಹೆಸರಲ್ಲಿ ಒಂದು ಸಂಘ ಹುಟ್ಟಿತು. ಕೊಂಬನ್ನು ಅಂಗುಲದಲ್ಲಿ ಅಳೆದು ದಾಖಲೆ ಪುಸ್ತಕದಲ್ಲಿ ಬರೆಯುವ ಸಂಘ. ಇಶಿಯ ಜನ ಜಿಂಕೆಯ ಕೊಂಬು ಅಳೆದವರಲ್ಲ. ಕೊಂಬಿನಿಂದ ಅಲಗು ಕೆತ್ತಿದರು, ನರದಿಂದ ಬಿಲ್ಲು ಕಟ್ಟಿದರು, ಚರ್ಮ ಹೊದ್ದರು, ಮಾಂಸ ಹಂಚಿಕೊಂಡರು. ಆ ಸಂಘದ ಹೆಸರಿನಲ್ಲಿ ಶಿಷ್ಯ ಇದ್ದಾನೆ, ಶಿಷ್ಯನ ಗೆಳೆಯ ಇದ್ದಾನೆ, ಗುರು ಇಲ್ಲ.

ಇಶಿಯನ್ನು 'ಶುದ್ಧ' ಯಾಹಿ, 'ಕೊನೆಯ ಕಾಡು ಇಂಡಿಯನ್' ಅಂತ ಪುಸ್ತಕಗಳು ಕೊಂಡಾಡಿವೆ. 1990ರ ದಶಕದಲ್ಲಿ ಸ್ಟೀವನ್ ಶ್ಯಾಕ್ಲಿ ಎಂಬ ಪುರಾತತ್ವಜ್ಞ ಅವನು ಕೆತ್ತಿದ ಅಲಗುಗಳನ್ನೇ ಇಟ್ಟುಕೊಂಡು ನೋಡಿದ. ಅವು ಯಾಹಿಗಳ ಹಳೆಯ ಅಲಗಿನಂತಿಲ್ಲ, ನೆರೆಯ ವಿಂಟು, ನೋಮ್ಲಾಕಿ ಜನರ ಅಲಗಿನಂತಿವೆ. ಅಂದರೆ ಅವನ ತಂದೆಯೋ ಬಂಧುವೋ ಆ ಕಡೆಯವರಿರಬಹುದು. ಸಾಯುತ್ತಿರುವ ಜನ ಪಕ್ಕದವರ ಜೊತೆ ಸೇರಿಕೊಂಡು ಬದುಕಿದರು, ಅದರಲ್ಲಿ ಆಶ್ಚರ್ಯ ಏನಿದೆ? ಶುದ್ಧ ರಕ್ತದ ಹುಚ್ಚು ಇದ್ದದ್ದು ನೋಡಿದವರಿಗೆ.

ತಾತನ ಪ್ರಶ್ನೆಗೆ ಈಗ ಬರುತ್ತೇನೆ. ಸಿಕ್ತಾ?

1990ರ ದಶಕದ ಕೊನೆಯಲ್ಲಿ ಓರೋವಿಲ್ ಸೀಮೆಯ ಮೂಲನಿವಾಸಿಗಳು ನಮ್ಮವನನ್ನು ನಮ್ಮ ನೆಲಕ್ಕೆ ಕೊಡಿ ಅಂತ ಎದ್ದರು. ಮಿದುಳು ಎಲ್ಲಿದೆ ಅಂತ ವಿಶ್ವವಿದ್ಯಾಲಯದವರನ್ನು ಕೇಳಿದರೆ ಸರಿಯಾದ ಉತ್ತರವಿಲ್ಲ. ಆರಿನ್ ಸ್ಟಾರ್ನ್ ಎಂಬ ಮಾನವಶಾಸ್ತ್ರಜ್ಞ, ನ್ಯಾನ್ಸಿ ರಾಕಫೆಲರ್ ಎಂಬ ಚರಿತ್ರೆಕಾರ್ತಿ ಹಳೇ ಕಾಗದಗಳ ಜಾಡು ಹಿಡಿದು ಹೊರಟರು. ಎಂಬತ್ತು ವರ್ಷ ಹಳೆಯ ಜಾಡು. ಅದು ಸ್ಮಿತ್ಸೋನಿಯನ್‌ನ ಉಗ್ರಾಣಕ್ಕೆ ಹೋಗಿ ನಿಂತಿತು. ಉಗ್ರಾಣ ಇದ್ದದ್ದು ಅದೇ ಮೇರಿಲ್ಯಾಂಡ್ ರಾಜ್ಯದಲ್ಲಿ. ಮಿದುಳು ಅಲ್ಲಿತ್ತು.

2000ದ ಆಗಸ್ಟ್‌ನಲ್ಲಿ ಅದನ್ನು ರೆಡ್ಡಿಂಗ್ ರಾಂಚೆರಿಯಾ ಮತ್ತು ಪಿಟ್ ರಿವರ್ ಬುಡಕಟ್ಟಿನವರ ಕೈಗೆ ಒಪ್ಪಿಸಿದರು. ಯಾನಾ ಜನರ ರಕ್ತ ಹಂಚಿಕೊಂಡವರು ಅವರಲ್ಲಿದ್ದಾರೆ. ಸ್ಮಶಾನದಲ್ಲಿದ್ದ ಬೂದಿಯನ್ನೂ ಮಿದುಳನ್ನೂ ಸೇರಿಸಿ ಅವನ ನೆಲದ ಕಡೆ ತೆಗೆದುಕೊಂಡು ಹೋಗಿ ಹೂಳಿದರು. 2021ರ ಜನವರಿಯಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ತನ್ನ ಕ್ರೋಬರ್ ಹಾಲ್ ಎಂಬ ಕಟ್ಟಡದಿಂದ ಕ್ರೋಬರ್ ಹೆಸರು ತೆಗೆಯಿತು.

ಹೂಳಿದ ಜಾಗ ಯಾವುದು ಅಂತ ಆ ಜನ ಹೊರಗಿನವರಿಗೆ ಹೇಳಿಲ್ಲ. ಪತ್ರಿಕೆಯವರಿಗೂ ಹೇಳಲಿಲ್ಲ, ಮಿದುಳು ಹುಡುಕಿಕೊಟ್ಟವರ ಪುಸ್ತಕದಲ್ಲೂ ಬರೆಸಲಿಲ್ಲ.